ಸಿಗಡಿ ಮರಿ, ಗುಲಾಬಿ ಮುಳ್ಳು ಮತ್ತು ಕೆಲಸ ಬಿಟ್ಟ ಒಬ್ಬ ಮೇಷ್ಟ್ರು

ನಮ್ಮ ಆನೇಕಲ್‌ನಿಂದ ಸಮುದ್ರಕ್ಕೆ ಸುಮಾರು ಮುನ್ನೂರು ಕಿಲೋಮೀಟರ್. ಇಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ಕೆರೆ, ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ಮಳೆ ಚೆನ್ನಾಗಿ ಬಂದ ವರ್ಷ ಮುತ್ಯಾಲಮಡುವಿನಲ್ಲಿ ಬೀಳುವ ನೀರೇ ನಮಗೆ ದೊಡ್ಡ ಸಂಭ್ರಮ. ಸಿಗಡಿಯನ್ನು ನಾನು ಮೊದಲ ಸಲ ನೋಡಿದ್ದು ಚಂದಾಪುರದ ಮೀನಂಗಡಿಯಲ್ಲಿ, ಐಸಿನ ಮೇಲೆ. ಅಂಥ ನನಗೆ ಬದುಕಿನ ಮೊದಲ ಕೆಲಸ ಸಿಕ್ಕಿದ್ದು ಸಿಗಡಿ ಮರಿಗಳ ಮೇವಿಗೆ ಬೆರೆಸುವ ಬ್ಯಾಕ್ಟೀರಿಯಾ ಪುಡಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ!

ಅದಕ್ಕೂ ಮೊದಲು ಹನ್ನೊಂದು ತಿಂಗಳು ಮನೆಯಲ್ಲಿ ಕೂತಿದ್ದೆ. ಮೈಕ್ರೊಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿದಿತ್ತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಅಂತ ಶೇರ್ ಆಟೊ ಹತ್ತಿ ಇಳಿದು, ಗೇಟಿನ ಸೆಕ್ಯುರಿಟಿಯವರ ಕೈಗೆ ರೆಸ್ಯೂಮೆ ಕೊಟ್ಟು ಬರುವುದೇ ನನ್ನ ದಿನಚರಿ. ಎಲ್ಲರೂ ಕೇಳುವುದು ಒಂದೇ: ಅನುಭವ ಎಷ್ಟು ವರ್ಷ? ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ರೇಷ್ಮೆ ಮಗ್ಗದ ಕೆಲಸದವರು. ಅವರು ಏನೂ ಕೇಳುತ್ತಿರಲಿಲ್ಲ, ಅದೇ ಹೆಚ್ಚು ಕಷ್ಟವಾಗುತ್ತಿತ್ತು. ಕೊನೆಗೆ ಏಜೆನ್ಸಿಯೊಂದರ ಮೂಲಕ ಆರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ಗುಣಮಟ್ಟ ಪರೀಕ್ಷೆಯ ಲ್ಯಾಬ್‌ನಲ್ಲಿ ಟ್ರೇನಿ.

ಆ ಲ್ಯಾಬ್‌ನ ಗೋಡೆಯ ಮೇಲೆ ಒಂದು ಹಳೆಯ ಫೋಟೊ ಇತ್ತು. ಕೆದರಿದ ಕೂದಲು, ಉದ್ದ ಗಡ್ಡ, ಕನ್ನಡಕ, ಮುಂದೆ ಮೈಕ್ರೋಸ್ಕೋಪ್. ಯಾರು ಇವರು ಎಂದು ಲ್ಯಾಬ್ ಮೇಡಂ ಅವರನ್ನು ಕೇಳಿದೆ. ಇಲ್ಯಾ ಮೆಚ್ನಿಕಾಫ್, ನಿನಗೂ ನನಗೂ ಸಂಬಳ ಬರುತ್ತಿರುವುದು ಇವರಿಂದಲೇ ಎಂದರು. ಪರೀಕ್ಷೆಗೆ ಓದುವಾಗ ಅವರ ಬಗ್ಗೆ ಎರಡು ಸಾಲು ಬರೆದು ಎರಡು ಅಂಕ ಪಡೆದಿದ್ದೆ. ಅವರ ಹೆಂಡತಿ ಓಲ್ಗಾ ಬರೆದ ಜೀವನಚರಿತ್ರೆಯ ಇಂಗ್ಲಿಷ್ ಅನುವಾದ 1921ರಲ್ಲೇ ಬಂದಿದೆ. ಮೊಬೈಲ್‌ನಲ್ಲಿ ಅದನ್ನು ತೆಗೆದು, ಕಾರ್ಖಾನೆಗೆ ಹೋಗಿಬರುವ ದಾರಿಯಲ್ಲಿ ದಿನಕ್ಕೆ ನಾಲ್ಕೈದು ಪುಟದಂತೆ ಓದತೊಡಗಿದೆ. ಎರಡು ಅಂಕದ ಉತ್ತರದಲ್ಲಿ ಇಲ್ಲದ ಮನುಷ್ಯ ಅಲ್ಲಿದ್ದ.

ಕೇಳುಗರಿಗೆ ಕಾಸು ಕೊಟ್ಟ ಹುಡುಗ

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಈಗ ಉಕ್ರೇನ್‌ನಲ್ಲಿರುವ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದ ಭಾಗ. ಐದು ಮಕ್ಕಳಲ್ಲಿ ಕೊನೆಯವನು. ಗಿಡ, ಹುಳು, ಕಪ್ಪೆ ಅಂತ ಸದಾ ಓಡಾಡುತ್ತಿದ್ದ ಹುಡುಗ, ತಾನು ಕಂಡದ್ದನ್ನು ಅಣ್ಣಂದಿರಿಗೂ ಊರಿನ ಮಕ್ಕಳಿಗೂ ಪಾಠದಂತೆ ಹೇಳುತ್ತಿದ್ದ. ಅವರು ಎದ್ದು ಹೋಗದಿರಲಿ ಎಂದು ತನ್ನ ಕೈಖರ್ಚಿನ ಕಾಸನ್ನೇ ಅವರಿಗೆ ಕೊಡುತ್ತಿದ್ದನಂತೆ! ವಿಜ್ಞಾನದ ಹಾದಿಗೆ ಅವನನ್ನು ಹಚ್ಚಿದವರು ತಾಯಿ.

ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಿದಾಗ ಅವನಿಗೆ 19 ವರ್ಷ. ಅಲ್ಲಿಂದ ಜರ್ಮನಿಗೆ, ಇಟಲಿಗೆ ಹೋಗಿ ಸಮುದ್ರದ ಸಣ್ಣ ಪ್ರಾಣಿಗಳ ಭ್ರೂಣ ಮತ್ತು ಮರಿಗಳನ್ನು ಅಧ್ಯಯನ ಮಾಡಿದ. ಜರ್ಮನಿಯಲ್ಲಿ ಅವನೇ ಕಂಡುಹಿಡಿದ ಒಂದು ವಿಷಯವನ್ನು ಅಲ್ಲಿಯ ಪ್ರೊಫೆಸರ್ ತನ್ನ ಹೆಸರಿನಲ್ಲಿ ಪ್ರಕಟಿಸಿದ್ದರಿಂದ ಜಗಳವೂ ಆಯಿತು. ಇಟಲಿಯ ನೇಪಲ್ಸ್‌ನಲ್ಲಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಎಂಬ ಗೆಳೆಯನ ಜೊತೆ ಕೆಲಸ ಮಾಡಿದ. 1867ರಲ್ಲಿ ಇಬ್ಬರಿಗೂ ಸೇರಿ ರಷ್ಯಾದ ದೊಡ್ಡ ಬಹುಮಾನವೊಂದು ಬಂತು. 22ನೇ ವಯಸ್ಸಿಗೆ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ನಿಂತಾಗ ಕೆಲವು ವಿದ್ಯಾರ್ಥಿಗಳು ಮೇಷ್ಟ್ರಿಗಿಂತ ದೊಡ್ಡವರಿದ್ದರು.

ಇಲ್ಲಿಯವರೆಗೆ ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಎಲ್ಲದರಲ್ಲೂ ಮೊದಲಿಗರು, ನಮ್ಮಂಥವರ ಕಥೆಯಲ್ಲ ಅನ್ನಿಸಿತು. ಆಮೇಲಿನ ಪುಟಗಳು ಹಾಗಿರಲಿಲ್ಲ.

1869ರಲ್ಲಿ ಅವರು ಲುದ್ಮಿಲಾ ಎಂಬುವರನ್ನು ಮದುವೆಯಾದರು. ಆಕೆಗೆ ಎಷ್ಟು ಕಾಯಿಲೆಯೆಂದರೆ ಮದುವೆಯ ದಿನ ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತುಕೊಂಡು ಹೋಗಬೇಕಾಯಿತು. ಕ್ಷಯಕ್ಕೆ ಆಗ ಔಷಧಿ ಇರಲಿಲ್ಲ. ಬೆಚ್ಚಗಿನ ಊರು ಹುಡುಕಿಕೊಂಡು ಅಲೆದಾಡಿದರು, ಅದಕ್ಕಾಗಿ ಹೆಚ್ಚು ಹೆಚ್ಚು ದುಡಿದರು, ಕಣ್ಣು ಕೆಟ್ಟಿತು. 1873ರಲ್ಲಿ ಮದೇರಾ ದ್ವೀಪದಲ್ಲಿ ಲುದ್ಮಿಲಾ ತೀರಿಕೊಂಡರು. ಮೆಚ್ನಿಕಾಫ್ ಬದುಕೇ ಬೇಡ ಎಂಬಲ್ಲಿಗೆ ಮುಟ್ಟಿದರು. ಸಾಯಲು ಹೊರಟು ಬದುಕಿ ಉಳಿದರು. ಆ ದಿನಗಳಲ್ಲೇ ಒಂದು ರಾತ್ರಿ ಜಿನೀವಾದ ಸೇತುವೆಯ ಮೇಲೆ ನಿಂತಿದ್ದಾಗ ದೀಪದ ಸುತ್ತ ಹಾರುತ್ತಿದ್ದ ಹುಳುಗಳು ಕಣ್ಣಿಗೆ ಬಿದ್ದವು. ಕೆಲವೇ ಗಂಟೆ ಬದುಕುವ, ಏನೂ ತಿನ್ನದ ಈ ಜೀವಿಗಳಿಗೆ ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ತಲೆಯೊಳಗೆ ಹೊಕ್ಕಿತು. ಆ ಪ್ರಶ್ನೆಯ ಬೆನ್ನು ಹತ್ತಿ ಅವರು ಬದುಕಿನ ಕಡೆಗೆ ತಿರುಗಿದರು.

ಈ ಭಾಗವನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಹನ್ನೊಂದು ತಿಂಗಳು ಮನೆಯಲ್ಲಿ ಕೂತವರಿಗೆ ರಾತ್ರಿಗಳು ಹೇಗಿರುತ್ತವೆ ಎಂದು ನನಗೆ ಗೊತ್ತು. ಗೆಳೆಯರೇ, ಅಂಥ ರಾತ್ರಿ ಬಂದರೆ ಹುಳುವಿಗಾಗಿ ಕಾಯಬೇಡಿ, ಮನೆಯವರೊಬ್ಬರನ್ನು ಎಬ್ಬಿಸಿ ಮಾತಾಡಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಟ್ಟ ಮೇಲೆ ಕಂಡದ್ದು

1875ರಲ್ಲಿ ಅವರು ಓಲ್ಗಾ ಅವರನ್ನು ಮದುವೆಯಾದರು. ಒಡೆಸ್ಸಾದಲ್ಲಿ ಇದ್ದಾಗ ಗೋಧಿ ಬೆಳೆಯನ್ನು ಹಾಳುಮಾಡುತ್ತಿದ್ದ ಒಂದು ದುಂಬಿಯ ಮೇಲೆ ಹಸಿರು ಬಣ್ಣದ ಶಿಲೀಂಧ್ರವೊಂದು ಬೆಳೆದು ಅದನ್ನು ಕೊಲ್ಲುವುದನ್ನು ಗಮನಿಸಿದರು. ಇದನ್ನೇ ಬೆಳೆಸಿ ಹೊಲಕ್ಕೆ ಹಾಕಬಾರದೇಕೆ ಎಂದು 1879ರಲ್ಲಿ ಬರೆದರು. ಇವತ್ತು ಗೊಣ್ಣೆಹುಳು ಬಿದ್ದ ಹೊಲಕ್ಕೆ ನಮ್ಮ ರೈತರು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕುವ ಮೆಟಾರೈಜಿಯಂ ಅದೇ ಶಿಲೀಂಧ್ರ. ಸೂಕ್ಷ್ಮಜೀವಿ ಎಂದರೆ ಬರೀ ರೋಗವಲ್ಲ, ಅದನ್ನು ನಮ್ಮ ಕಡೆಗೂ ಎಳೆದುಕೊಳ್ಳಬಹುದು ಎಂಬ ಯೋಚನೆ ಅವರಲ್ಲಿ ಅಷ್ಟು ಹಿಂದೆಯೇ ಇತ್ತು.

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನ ಹತ್ಯೆಯಾಯಿತು. ಸರ್ಕಾರದ ಬಿಗಿ ವಿಶ್ವವಿದ್ಯಾಲಯದ ಒಳಗೂ ಬಂತು. ಗುಂಪುಗಾರಿಕೆ, ಜಗಳ, ಅನುಮಾನ. ಆ ವರ್ಷ ಮತ್ತೊಮ್ಮೆ ಅವರ ಮನಸ್ಸೂ ದೇಹವೂ ತೀರಾ ಕುಸಿದು, ದೊಡ್ಡ ಜ್ವರದಿಂದ ಎದ್ದು ಬಂದರು. 1882ರಲ್ಲಿ ಪ್ರೊಫೆಸರ್ ಹುದ್ದೆಗೆ ರಾಜೀನಾಮೆ ಕೊಟ್ಟರು. ವಯಸ್ಸು 37. ಕೈಯಲ್ಲಿ ಕೆಲಸವಿಲ್ಲ. ಹೆಂಡತಿಯ ತವರಿನ ಕಡೆಯಿಂದ ಬಂದ ಆಸ್ತಿಯ ಆಸರೆ, ಜೊತೆಗೆ ಆಕೆಯ ತಮ್ಮ ತಂಗಿಯರ ಜವಾಬ್ದಾರಿ. ಎಲ್ಲರನ್ನೂ ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಎಂಬ ಸಮುದ್ರ ತೀರದ ಊರಿಗೆ ಹೋದರು. ಬಾಡಿಗೆ ಮನೆಯ ಹಜಾರವೇ ಅವರ ಲ್ಯಾಬ್.

ಡಿಸೆಂಬರ್ ತಿಂಗಳ ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಮನೆಯಲ್ಲಿ ಕೂತು ನಕ್ಷತ್ರಮೀನಿನ ಮರಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಆ ಮರಿ ನೀರಿನಷ್ಟೇ ಪಾರದರ್ಶಕ. ಒಳಗೆ ಕೆಲವು ಜೀವಕೋಶಗಳು ಅತ್ತಿತ್ತ ಓಡಾಡುತ್ತಿದ್ದವು. ಇವು ಆಹಾರವನ್ನು ನುಂಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಹಾಗಾದರೆ ಹೊರಗಿನಿಂದ ಒಳನುಗ್ಗಿದ ಶತ್ರುವನ್ನೂ ಇವೇ ನುಂಗಿ ಕಾಪಾಡುತ್ತಿರಬಹುದೇ? ಯೋಚನೆ ಬಂದದ್ದೇ ತಡ, ಮನೆಯಂಗಳಕ್ಕೆ ಹೋಗಿ ಗುಲಾಬಿ ಗಿಡದಿಂದ ಒಂದಿಷ್ಟು ಮುಳ್ಳು ಕಿತ್ತು ತಂದರು. ಮರಿಗಳ ಚರ್ಮದೊಳಗೆ ಮೆಲ್ಲನೆ ಚುಚ್ಚಿ ಬಿಟ್ಟರು. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಆ ಜೀವಕೋಶಗಳು ಮುತ್ತಿಕೊಂಡಿದ್ದವು. ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಕೀವು ಕಟ್ಟುವುದೂ ಇದೇ ಕೆಲಸ ಎಂದು ಅವರಿಗೆ ಹೊಳೆಯಿತು. ಈ ಜೀವಕೋಶಗಳಿಗೆ ಫ್ಯಾಗೊಸೈಟ್ ಎಂಬ ಹೆಸರು ಬಂತು, ಎಂದರೆ ನುಂಗುವ ಕೋಶ.

ನಮ್ಮ ಆನೇಕಲ್–ಹೊಸೂರು ಸೀಮೆಯಲ್ಲಿ ಗುಲಾಬಿ ಬೆಳೆಯುವವರು ಎಷ್ಟು ಜನ! ಹೂ ಕೀಳುವವರ ಬೆರಳಿಗೆ ದಿನಾ ಮುಳ್ಳು ಚುಚ್ಚುತ್ತದೆ. ಅದೇ ಮುಳ್ಳು ಹಿಡಿದು ರೋಗನಿರೋಧಕ ಶಕ್ತಿಯ ಮೊದಲ ಬಾಗಿಲನ್ನು ತೆರೆದವರು ಆ ಹೊತ್ತಿಗೆ ಯಾವ ಸಂಸ್ಥೆಯ ಐಡಿ ಕಾರ್ಡೂ ಇಲ್ಲದ ಮನುಷ್ಯ. ರೆಸ್ಯೂಮೆಯಲ್ಲಿ ನಾವು ಗ್ಯಾಪ್ ಎಂದು ಹೆದರುವ ವರ್ಷವೇ ಅವರ ಬದುಕಿನ ಅತಿ ದೊಡ್ಡ ವರ್ಷವಾಯಿತು.

ನೀರುಚಿಗಟದಿಂದ ಸಿಗಡಿಯವರೆಗೆ

ಮುಳ್ಳು ಸತ್ತ ವಸ್ತು. ಜೀವಂತ ರೋಗಾಣು ಬಂದರೆ ಏನಾಗುತ್ತದೆ? ಇದಕ್ಕೆ ಅವರು ಆರಿಸಿಕೊಂಡದ್ದು ಡಾಫ್ನಿಯಾ ಎಂಬ ನೀರುಚಿಗಟವನ್ನು. ಕೆರೆ ನೀರಿನಲ್ಲಿ ಕುಪ್ಪಳಿಸುವ, ಪಾರದರ್ಶಕ ಮೈಯ ಚಿಕ್ಕ ಪ್ರಾಣಿ. ಸಿಗಡಿ, ಏಡಿಗಳ ವರ್ಗಕ್ಕೇ ಸೇರಿದ್ದು. ಅದು ನುಂಗಿದ ಒಂದು ಬಗೆಯ ಯೀಸ್ಟ್‌ನ ಸೂಜಿಯಂಥ ಬೀಜಕಗಳು ಕರುಳನ್ನು ಚುಚ್ಚಿಕೊಂಡು ಮೈಯೊಳಗೆ ಬರುತ್ತವೆ. ರಕ್ತದ ಕೋಶಗಳು ಬೇಗ ಮುತ್ತಿ ನುಂಗಿದರೆ ಡಾಫ್ನಿಯಾ ಬದುಕುತ್ತದೆ. ತಡವಾದರೆ ಯೀಸ್ಟ್ ಬೆಳೆದು ಅದು ಸಾಯುತ್ತದೆ. ಕಣ್ಣೆದುರೇ ನಡೆಯುವ ಈ ಕಾಳಗವನ್ನು ಅವರು 1884ರಲ್ಲಿ ಪ್ರಕಟಿಸಿದರು.

ಇದನ್ನು ಓದಿದ ದಿನ ನನ್ನ ಕೆಲಸದ ಅರ್ಥ ನನಗೆ ಆಯಿತು. ಸಿಗಡಿಗೂ ಇಷ್ಟೇ. ನಮ್ಮಂತೆ ಆ್ಯಂಟಿಬಾಡಿ ತಯಾರಿಸುವ ವ್ಯವಸ್ಥೆ ಅದಕ್ಕಿಲ್ಲ. ನುಂಗುವ ರಕ್ತಕೋಶಗಳು ಮತ್ತು ಹುಟ್ಟಿನಿಂದ ಬಂದ ಇನ್ನಷ್ಟು ರಕ್ಷಣೆಗಳ ಮೇಲೇ ಅದು ಬದುಕಬೇಕು. ಮಕ್ಕಳಿಗೆ ಹಾಕಿಸುವಂಥ ಲಸಿಕೆ ಅದಕ್ಕೆ ಅದೇ ರೀತಿ ಕೆಲಸ ಮಾಡುವುದಿಲ್ಲ.

ಅದರ ಬಾಲ್ಯವನ್ನು ನೋಡಿ. ಮೊಟ್ಟೆಯಿಂದ ಹೊರಬಂದ ಮರಿ ಕಣ್ಣಿಗೆ ಚುಕ್ಕಿಯಂತೆ ಕಾಣುತ್ತದೆ. ಹೆಸರು ನಾಪ್ಲಿಯಸ್. ಮೊದಲ ಒಂದೆರಡು ದಿನ ಹೊಟ್ಟೆಯೊಳಗಿನ ಬುತ್ತಿಯಲ್ಲೇ ಬದುಕುತ್ತದೆ. ನಂತರ ಜೋಯಿಯಾ ಆಗಿ ಪಾಚಿ ತಿನ್ನಲು ಕಲಿಯುತ್ತದೆ. ಆಮೇಲೆ ಮೈಸಿಸ್. ಹತ್ತು ಹನ್ನೆರಡು ದಿನದೊಳಗೆ ಪೋಸ್ಟ್‌ಲಾರ್ವಾ. ಪ್ರತಿ ಹಂತಕ್ಕೂ ಪೊರೆ ಕಳಚಬೇಕು, ಊಟ ಬದಲಿಸಬೇಕು. ಇದೆಲ್ಲ ಮುಗಿಯುತ್ತಿದ್ದಂತೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಗಾಡಿಯಲ್ಲಿ ರಾತ್ರಿಯಿಡೀ ಕುಲುಕಿ, ಬೇರೆ ಬಿಸಿ, ಬೇರೆ ಉಪ್ಪಿನಂಶದ ಕೊಳಕ್ಕೆ ಇಳಿಯಬೇಕು. ಡಿಗ್ರಿ ಮುಗಿಸಿ ಬ್ಯಾಗ್ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗೆ ಬಂದಿಳಿಯುವ ನಮ್ಮ ಹುಡುಗ ಹುಡುಗಿಯರ ನೆನಪಾಗುತ್ತದೆ ಅಲ್ಲವೇ?

ಈ ಒತ್ತಡದಲ್ಲಿ ಮರಿ ಸೋತ ಕೂಡಲೇ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಮೇಲೆ ಬೀಳುತ್ತದೆ. ಹಿಂದೆ ಹ್ಯಾಚರಿಗಳಲ್ಲಿ ಇದಕ್ಕೆ ಆ್ಯಂಟಿಬಯೋಟಿಕ್ ಸುರಿಯುತ್ತಿದ್ದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಸಂಗಡಿಗರು 1994ರಲ್ಲಿ ಒಂದು ಎಚ್ಚರಿಕೆಯ ವರದಿ ಪ್ರಕಟಿಸಿದರು. ಆ್ಯಂಟಿಬಯೋಟಿಕ್‌ಗೆ ಜಗ್ಗದ ವಿಬ್ರಿಯೊ ಹಾರ್ವೇಯಿಯಿಂದ ಹುಲಿ ಸಿಗಡಿಯ ಮರಿಗಳು ಸಾಮೂಹಿಕವಾಗಿ ಸತ್ತಿದ್ದವು. ಔಷಧಿಗೇ ರೋಗಾಣು ಒಗ್ಗಿಹೋದರೆ ಮುಂದೇನು?

ಆಗ ಬಂದ ದಾರಿಗಳಲ್ಲಿ ಒಂದು ನಮ್ಮ ಪುಡಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥ ಉಪಕಾರಿ ಬ್ಯಾಕ್ಟೀರಿಯಾಗಳ ಬೀಜಕಗಳನ್ನು ಒಣಗಿಸಿ ಮರಿಗಳ ಮೇವಿಗೆ, ನೀರಿಗೆ ಬೆರೆಸುತ್ತಾರೆ. ಅವು ಕರುಳಿನಲ್ಲಿ ಕೆಟ್ಟದ್ದಕ್ಕೆ ಜಾಗ ಬಿಡುವುದಿಲ್ಲ, ತಿಂದದ್ದನ್ನು ಅರಗಿಸುವ ಕಿಣ್ವ ಕೊಡುತ್ತವೆ, ನುಂಗುವ ಕೋಶಗಳನ್ನು ಎಚ್ಚರದಲ್ಲಿಡುತ್ತವೆ. ಗೆದ್ದಿತೋ ಸೋತಿತೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮರಿಗಳನ್ನು ಸಮುದ್ರದ ನೀರಿನಿಂದ ಎತ್ತಿ ಉಪ್ಪು ತೀರಾ ಕಡಿಮೆ ಇರುವ ನೀರಿಗೆ ಹಾಕಿ, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಒಳ್ಳೆಯ ತಳಿಯ ಬ್ಯಾಕ್ಟೀರಿಯಾ ತಿಂದ ಮರಿಗಳು ಹೆಚ್ಚು ಉಳಿದದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಎಲ್ಲ ತಳಿಯೂ ಒಂದೇ ಅಲ್ಲ. ಪುಡಿಯಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಸಾಕಷ್ಟು ಇಲ್ಲದಿದ್ದರೆ ಅದು ಬರೀ ಹಿಟ್ಟು. ಆ ಜೀವಗಳನ್ನು ಎಣಿಸುವುದೇ ನನ್ನ ಕೆಲಸ.

ಮೊಸರಿನ ಮೇಷ್ಟ್ರು

ಮೆಚ್ನಿಕಾಫ್ ಕಥೆಗೆ ಮರಳುತ್ತೇನೆ. 1886ರಲ್ಲಿ ಒಡೆಸ್ಸಾ ನಗರಸಭೆ ಬ್ಯಾಕ್ಟೀರಿಯಾ ಸಂಶೋಧನೆಯ ಕೇಂದ್ರವೊಂದನ್ನು ತೆರೆದು ಅವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಹುಚ್ಚುನಾಯಿ ಕಡಿತಕ್ಕೆ ಪಾಶ್ಚರ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಹಾಕುತ್ತಿದ್ದರು. ಆದರೆ ಮೆಚ್ನಿಕಾಫ್ ಡಾಕ್ಟರ್ ಅಲ್ಲ, ಪ್ರಾಣಿಶಾಸ್ತ್ರದವರು. ಊರಿನ ವೈದ್ಯರು ಒಪ್ಪಲಿಲ್ಲ, ಪತ್ರಿಕೆಗಳೂ ಬಿಡಲಿಲ್ಲ. ಅವರು ಊರಿನಲ್ಲಿ ಇಲ್ಲದಾಗ ಕೇಂದ್ರದವರು ಹಾಕಿದ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತವು. ಅಲ್ಲಿಗೆ ಆ ಕೆಲಸವೂ ಮುಗಿಯಿತು. 1888ರಲ್ಲಿ ಪ್ಯಾರಿಸ್‌ಗೆ ಹೋದರು. ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಅವರಿಗೆ ಲ್ಯಾಬ್ ಕೊಟ್ಟರು. ಕೊನೆಯವರೆಗೂ ಅದೇ ಅವರ ಮನೆಯಾಯಿತು.

ನುಂಗುವ ಕೋಶಗಳ ಮಾತನ್ನು ಜರ್ಮನಿಯ ದೊಡ್ಡ ವಿಜ್ಞಾನಿಗಳು ಸುಲಭವಾಗಿ ಒಪ್ಪಲಿಲ್ಲ. ರೋಗದಿಂದ ಕಾಪಾಡುವುದು ರಕ್ತದ ದ್ರವದಲ್ಲಿರುವ ವಸ್ತುಗಳೇ ಎಂದು ಅವರ ವಾದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. ಎದುರಾಳಿಗಳು ಆಕ್ಷೇಪ ಎತ್ತಿದಾಗೆಲ್ಲ ಮೆಚ್ನಿಕಾಫ್ ಹೊಸ ಪ್ರಯೋಗ ಮಾಡಿ ಉತ್ತರ ಕೊಟ್ಟರು. 1908ರಲ್ಲಿ ನೊಬೆಲ್ ಬಹುಮಾನವನ್ನು ಅವರಿಗೂ, ಎದುರು ಪಾಳಯದ ಪಾಲ್ ಎರ್ಲಿಚ್‌ಗೂ ಹಂಚಿ ಕೊಟ್ಟರು. ಇಬ್ಬರೂ ಅರ್ಧರ್ಧ ಸರಿಯಾಗಿದ್ದರು!

ಅಷ್ಟರಲ್ಲಿ ಅವರ ತಲೆಗೆ ಇನ್ನೊಂದು ವಿಷಯ ಹೊಕ್ಕಿತ್ತು. ಮನುಷ್ಯ ಏಕೆ ಮುಪ್ಪಾಗುತ್ತಾನೆ? ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಮಾಡುವ ವಿಷವೇ ಕಾರಣ ಎಂದು ಅವರು ನಂಬಿದರು. ಬಲ್ಗೇರಿಯಾದ ಹಳ್ಳಿಗಳಲ್ಲಿ ಹುಳಿ ಹಾಲು ಕುಡಿಯುವವರು ಬಹಳ ವರ್ಷ ಬದುಕುತ್ತಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಅಲ್ಲಿಯ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ಬೇರ್ಪಡಿಸಿ ತೋರಿಸಿದ್ದ. ಹುಳಿ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸಿದರೆ ಕೊಳೆಸುವವು ಸೋಲುತ್ತವೆ, ಆಯಸ್ಸು ಹೆಚ್ಚುತ್ತದೆ ಎಂದು ಮೆಚ್ನಿಕಾಫ್ ಭಾಷಣ ಮಾಡಿದರು, ಪುಸ್ತಕ ಬರೆದರು, ತಾವೂ ದಿನಾ ಕುಡಿದರು. ಪ್ರೊಬಯೋಟಿಕ್ ಎಂದು ಇವತ್ತು ನಾವು ಕರೆಯುವುದೆಲ್ಲ ಈ ಯೋಚನೆಯ ಮಕ್ಕಳು, ನಮ್ಮ ಸಿಗಡಿ ಪುಡಿಯೂ ಸೇರಿ.

ಅಮ್ಮನಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. ಹೆಪ್ಪು ಹಾಕುವುದಕ್ಕೆ ನೊಬೆಲ್ ಕೊಡುತ್ತಾರೆಂದು ಗೊತ್ತಿದ್ದರೆ ನಿಮ್ಮಜ್ಜಿಗೇ ಮೊದಲು ಕೊಡಬೇಕಿತ್ತು ಎಂದರು. ನೊಬೆಲ್ ಬಂದದ್ದು ಮೊಸರಿಗಲ್ಲ ಎಂದು ತಿಳಿಸಿ ಹೇಳುವ ಹೊತ್ತಿಗೆ ಅವರು ಒಳಗೆ ಹೋಗಿದ್ದರು.

ಆದರೆ ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಮೆಚ್ನಿಕಾಫ್ ಹೆಸರು ಹೇಳಿಕೊಂಡು ಪೇಟೆಯಲ್ಲಿ ಹುಳಿ ಹಾಲು, ಮಾತ್ರೆ, ಪುಡಿಗಳ ಸುಗ್ಗಿ ನಡೆಯಿತು. ಪ್ರಯೋಗಕ್ಕಿಂತ ಮುಂದೆ ನಂಬಿಕೆ ಓಡಿತು. ಅವರು 1916ರ ಜುಲೈಯಲ್ಲಿ, ಮೊದಲ ಮಹಾಯುದ್ಧದ ನಡುವೆ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 71. ನೂರು ದಾಟಬಹುದು ಎಂದು ಲೋಕಕ್ಕೆಲ್ಲ ಹೇಳಿದವರು! ಆಮೇಲೆ ಕೆಲವೇ ವರ್ಷಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಗಳು ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ಮನುಷ್ಯರ ಕರುಳಿನಲ್ಲಿ ನೆಲೆಸುವುದೇ ಇಲ್ಲ ಎಂದು ತೋರಿಸಿದವು. ಪ್ರಶ್ನೆ ಸರಿಯಾಗಿತ್ತು, ದಾರಿಯೂ ಸರಿಯಾಗಿತ್ತು. ಉತ್ತರವನ್ನು ಮಾತ್ರ ಎಣಿಸುವ ಮೊದಲೇ ಹೇಳಿಬಿಟ್ಟಿದ್ದರು.

ನಾನು ಎಣಿಸದೆ ಬರೆದ ಸಂಖ್ಯೆ

ಈ ಪುಟಗಳನ್ನು ನಾನು ಓದಿದ್ದು ಒಂದು ಶನಿವಾರದ ರಾತ್ರಿ. ಅವತ್ತು ಬೆಳಿಗ್ಗೆ ನಾನೇ ಒಂದು ತಪ್ಪು ಮಾಡಿ ಮನೆಗೆ ಬಂದಿದ್ದೆ.

ಪುಡಿಯಲ್ಲಿ ಎಷ್ಟು ಜೀವ ಇದೆ ಎಂದು ತಿಳಿಯುವುದು ಹೀಗೆ. ಒಂದು ಗ್ರಾಂ ಪುಡಿಯನ್ನು ನೀರಿನಲ್ಲಿ ಕಲಕಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಎಂದು ತೆಳುವಾಗಿಸುತ್ತಾ ಹೋಗಬೇಕು. ಕೊನೆಯ ಹನಿಯನ್ನು ಅಗರ್ ಪ್ಲೇಟಿನ ಮೇಲೆ ಹರಡಿ ಒಂದು ದಿನ ಬೆಚ್ಚಗಿಟ್ಟರೆ ಒಂದೊಂದು ಬ್ಯಾಕ್ಟೀರಿಯಾವೂ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಚುಕ್ಕೆ ಎಣಿಸಿ, ತೆಳುವಾಗಿಸಿದಷ್ಟರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ನಮ್ಮ ಪೊಟ್ಟಣದ ಮೇಲೆ ಗ್ರಾಮಿಗೆ 200 ಕೋಟಿ ಎಂದು ಬರೆದಿರುತ್ತಿತ್ತು.

ಆ ಶನಿವಾರ ನನ್ನ ಪ್ಲೇಟ್‌ಗಳು ಸರಿಯಾಗಿ ಒಣಗಿರಲಿಲ್ಲ. ಒದ್ದೆ ಅಗರ್ ಮೇಲೆ ಬ್ಯಾಸಿಲಸ್ ಹರಡಿಕೊಳ್ಳುತ್ತದೆ. ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿ ರೊಟ್ಟಿಯಂತಾಗಿದ್ದವು. ಮತ್ತೆ ಪರೀಕ್ಷೆ ಮಾಡಿದರೆ ಇನ್ನೊಂದು ದಿನ ಬೇಕು. ಮಾಲು ಸೋಮವಾರ ಹೋಗಬೇಕಿತ್ತು. ಹಿಂದಿನ ಬ್ಯಾಚ್‌ನಲ್ಲಿ 210 ಕೋಟಿ ಬಂದಿತ್ತು. ಇದೂ ಅಷ್ಟೇ ಇರುತ್ತದೆ ಬಿಡು ಎಂದುಕೊಂಡು 205 ಕೋಟಿ ಎಂದು ರಿಜಿಸ್ಟರಿನಲ್ಲಿ ಬರೆದೆ. ಯಾರೂ ಬಲವಂತ ಮಾಡಲಿಲ್ಲ. ಯಾರೂ ನೋಡಲೂ ಇಲ್ಲ. ಬರೆದ ಕೈ ನನ್ನದೇ.

ರಾತ್ರಿ ಓದುತ್ತಾ ಕೂತವಳಿಗೆ ಎರಡು ಚಿತ್ರ ಕಣ್ಣಮುಂದೆ ಬಂದವು. ಮುಳ್ಳು ಚುಚ್ಚಿದ ಮರಿ ಬೆಳಿಗ್ಗೆ ಏನಾಗಿರುತ್ತದೋ ಎಂದು ನಿದ್ದೆ ಬಿಟ್ಟು ಕಾದ ಮೆಚ್ನಿಕಾಫ್ ಒಂದು. ಮೊಸರಿನ ಬಗ್ಗೆ ಎಣಿಕೆಗೆ ಮೊದಲೇ ನಂಬಿ ಮಾತಾಡಿದ ಮೆಚ್ನಿಕಾಫ್ ಇನ್ನೊಂದು. ನಾನು ಯಾವ ಮೆಚ್ನಿಕಾಫ್? ಎರಡನೆಯವರಿಗಾದರೂ ನಂಬಿಕೆ ಇತ್ತು, ನನಗೆ ಇದ್ದದ್ದು ಬರೀ ಅವಸರ. ಎಲ್ಲೋ ಸಮುದ್ರ ತೀರದಲ್ಲಿ ಸಾಲ ಮಾಡಿ ಮರಿ ಸಾಕುವವರು ಆ ಪೊಟ್ಟಣದ ಸಂಖ್ಯೆಯನ್ನು ನಂಬಿ ಅಳತೆ ಹಾಕುತ್ತಾರೆ. ಮರಿಗೆ ಓದಲು ಬರುವುದಿಲ್ಲ. ಅದಕ್ಕೆ ಗೊತ್ತಾಗುವುದು ಒಳಗೆ ಜೀವ ಇತ್ತೋ ಇಲ್ಲವೋ ಎನ್ನುವುದಷ್ಟೇ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೇಡಂಗೆ ಹೇಳಿಬಿಟ್ಟೆ. ಕಾಲು ನಡುಗುತ್ತಿತ್ತು. ಮಾಲು ಇನ್ನೂ ಗೋಡೌನ್‌ನಲ್ಲೇ ಇತ್ತು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಪ್ಲೇಟ್‌ಗಳನ್ನು ಚೆನ್ನಾಗಿ ಒಣಗಿಸಿ ಮತ್ತೆ ಹಾಕು ಎಂದರು. ಮಂಗಳವಾರ ಎಣಿಸಿದೆ. ಮೂರು ಸಲ ಎಣಿಸಿದೆ. ಗ್ರಾಮಿಗೆ ಸುಮಾರು 20 ಕೋಟಿ. ಇರಬೇಕಾದುದರ ಹತ್ತನೇ ಒಂದು ಪಾಲು! ಬ್ಯಾಕ್ಟೀರಿಯಾ ಬೀಜಕವಾಗುವ ಮುಂಚೆಯೇ ಟ್ಯಾಂಕ್‌ನಿಂದ ತೆಗೆದಿದ್ದರು. ಬೀಜಕವಾದರೆ ಒಣಗಿಸುವ ಬಿಸಿಯನ್ನು ತಡೆದುಕೊಳ್ಳುತ್ತದೆ, ಆಗದಿದ್ದದ್ದು ಸಾಯುತ್ತದೆ. ಆ ಬ್ಯಾಚ್ ಹೊರಗೆ ಹೋಗಲಿಲ್ಲ.

ಎಣಿಸಲು ಆಗದಿದ್ದರೆ ಎಣಿಸಲಾಗಿಲ್ಲ ಎಂದೇ ಬರೆಯಬೇಕು, ಅದೂ ಒಂದು ಫಲಿತಾಂಶ. ಮೇಡಂ ಹೇಳಿಕೊಟ್ಟ ಈ ಪಾಠ ನನ್ನ ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ಸಿಕ್ಕಿರಲಿಲ್ಲ.

ಮತ್ತೆ ಆಟೊ ಸ್ಟ್ಯಾಂಡ್‌ನಲ್ಲಿ

ಸಿನಿಮಾದಲ್ಲಾದರೆ ಇಲ್ಲಿಗೆ ನನಗೆ ಕಾಯಂ ಕೆಲಸ ಸಿಗಬೇಕಿತ್ತು. ಸಿಗಲಿಲ್ಲ. ಆರು ತಿಂಗಳು ಮುಗಿಯಿತು, ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಮತ್ತೆ ಆನೇಕಲ್ ಬಸ್ ನಿಲ್ದಾಣದ ಬಳಿ ಶೇರ್ ಆಟೊಗೆ ಕಾಯುತ್ತೇನೆ. ಮುಂದಿನ ವಾರ ಬೊಮ್ಮಸಂದ್ರದಲ್ಲಿ ಒಂದು ಇಂಟರ್‌ವ್ಯೂ ಇದೆ. ಅನುಭವ ಎಷ್ಟು ಎಂದು ಕೇಳಿದರೆ ಆರು ತಿಂಗಳು ಎನ್ನುತ್ತೇನೆ. ಏನು ಕಲಿತೆ ಎಂದು ಕೇಳಿದರೆ ಆ 205 ಕೋಟಿಯ ಕಥೆಯನ್ನೇ ಹೇಳಬೇಕೆಂದಿದ್ದೇನೆ. ಅದರಿಂದ ಕೆಲಸ ಸಿಗದೇ ಹೋಗಬಹುದು, ನೋಡೋಣ.

ಕೆಲಸವಿಲ್ಲದ ದಿನಗಳನ್ನು ನಾನು ಹೊಗಳುವುದಿಲ್ಲ. ಮೆಚ್ನಿಕಾಫ್‌ಗೆ ಬಾಡಿಗೆ ಕಟ್ಟಲು ಆಸ್ತಿ ಇತ್ತು, ನಮ್ಮಲ್ಲಿ ಹೆಚ್ಚಿನವರಿಗೆ ಅದಿಲ್ಲ. ಆದರೂ ಹುದ್ದೆ ಹೋದ ದಿನ ಅವರು ಮೈಕ್ರೋಸ್ಕೋಪನ್ನು ಪೆಟ್ಟಿಗೆಗೆ ಹಾಕಲಿಲ್ಲ ಎನ್ನುವುದು ನನಗೆ ಮುಖ್ಯ. ಹಾಗಾಗಿ ಬೆಳಿಗ್ಗೆ ಎರಡು ಗಂಟೆ ಪುಸ್ತಕ ಹಿಡಿಯುತ್ತೇನೆ. ಸಂಜೆ ಪಕ್ಕದ ಬೀದಿಯ ಪಿ.ಯು. ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅವರು ಎದ್ದು ಹೋಗದಿರಲಿ ಎಂದು ಕಾಸು ಕೊಡಬೇಕಾಗಿಲ್ಲ, ಅವರೇ ಸ್ವಲ್ಪ ಕೊಡುತ್ತಾರೆ!

ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಮೆಚ್ನಿಕಾಫ್ ಅವರ ಚಿತಾಭಸ್ಮವನ್ನು ಇಟ್ಟಿದ್ದಾರಂತೆ. ಅಲ್ಲಿಗೆ ನಾನು ಹೋಗುವುದು ಯಾವಾಗಲೋ. ನಿನ್ನೆ ಪಕ್ಕದ ಮನೆಯ ಅಕ್ಕ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಿದ್ದರು. ಅಮ್ಮ ಒಂದು ಚಮಚ ಮೊಸರು ಹಾಕಿಕೊಟ್ಟರು. ಅಷ್ಟರಲ್ಲಿ ಎಷ್ಟು ಕೋಟಿ ಜೀವ ಇರಬಹುದು ಎಂದು ನನ್ನ ತಲೆ ಲೆಕ್ಕಕ್ಕೆ ಕೂತಿತು. ಹೇಳಲು ಬಾಯಿ ತೆರೆದು ಸುಮ್ಮನಾದೆ. ಎಣಿಸಿರಲಿಲ್ಲವಲ್ಲ.